ಜನ್ನತುಲ್ ಆರಿಫ್: ತೋಟ ಬೇಕು, ತೋಟಗಾರ ಬೇಡ

ಸ್ಪೇನಿನ ಗ್ರಾನಡಾ ನಗರಕ್ಕೆ ಹೋಗುವ ಮುಸ್ಲಿಮ್ ಪ್ರವಾಸಿಗರು ಸಾಮಾನ್ಯವಾಗಿ ಅಲ್‌ಹಂಬ್ರಾ ಅರಮನೆಯ ಗೋಡೆಗಳ ಮೇಲಿನ ಅರಬಿ ಕೆತ್ತನೆಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಅಲ್ಲಾಹನ ಹೊರತು ಜಯಶಾಲಿ ಬೇರಾರೂ ಇಲ್ಲ ಎಂಬ ನಸ್ರೀ ಅರಸರ ಘೋಷವಾಕ್ಯವನ್ನು ಕಂಬಕಂಬದಲ್ಲೂ ಓದಿ ಕಣ್ಣು ತೇವಗೊಳಿಸಿಕೊಳ್ಳುತ್ತಾರೆ. ಕಳೆದುಹೋದ ಸಾಮ್ರಾಜ್ಯವೊಂದರ ನೆನಪು ಭಾರವಾದುದೇ ಸರಿ. ಆದರೆ ಆ ಅರಮನೆಯ ಪೂರ್ವಕ್ಕೆ, ಒಂದು ಕಂದರದ ಆಚೆ, ಗುಡ್ಡದ ಇಳಿಜಾರಿನಲ್ಲಿ ಒಂದು ತೋಟವಿದೆ. ದಣಿದ ಕಾಲುಗಳಿಂದ ಕೊನೆಯ ಅರ್ಧ ಗಂಟೆಯಲ್ಲಿ ಅಲ್ಲಿಗೆ ಹೋಗಿ, ಕಾರಂಜಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು ಹೊರಬರುವವರೇ ಹೆಚ್ಚು. ಅಂದಲೂಸಿನ ಮುಸ್ಲಿಮರು ಏನನ್ನು ಬಲ್ಲವರಾಗಿದ್ದರು, ಅವರಿಂದ ಏನನ್ನು ಕಸಿದುಕೊಳ್ಳಲಾಯಿತು, ಏನನ್ನು ಕಸಿದುಕೊಳ್ಳಲು ಸಾಧ್ಯವಾಗಲಿಲ್ಲ ಎಂಬುದನ್ನು ಅರಿಯಲು ಬಯಸುವವರಿಗೆ ಅರಮನೆಗಿಂತ ಈ ತೋಟವೇ ಹೆಚ್ಚು ಹೇಳಬಲ್ಲದು.

ಸ್ಪೇನಿನ ಜನ ಅದನ್ನು ಹೆನೆರಲೀಫೆ ಎನ್ನುತ್ತಾರೆ. ಆ ಹೆಸರಿನ ಹಿಂದಿರುವುದು ಜನ್ನತುಲ್ ಆರಿಫ್ ಎಂಬ ಅರಬಿ ಪದ. ಆರಿಫ್ ಎಂದರೆ ಬಲ್ಲವನು. ಕಟ್ಟಡ ಕಟ್ಟುವ ಪ್ರಧಾನ ಶಿಲ್ಪಿಗೂ ಅರೀಫ್ ಎನ್ನುವ ವಾಡಿಕೆಯಿದ್ದುದರಿಂದ ಇದು ಶಿಲ್ಪಿಯ ತೋಟ ಎಂದು ಕೆಲವರೂ, ಅರಿವುಳ್ಳವನ ತೋಟ ಎಂದು ಕೆಲವರೂ ಅರ್ಥೈಸಿದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ತೋಟದ ಹೆಸರು ಅರಸನದಲ್ಲ, ಬಲ್ಲವನದು. ಇನ್ನು ಜನ್ನತ್ ಎಂಬ ಪದದ ಧಾತುವಿನಲ್ಲಿ ಮರೆಮಾಡು, ಮುಚ್ಚು ಎಂಬ ಅರ್ಥವಿದೆ. ನೆಲವೇ ಕಾಣದಷ್ಟು ಮರಗಳ ನೆರಳು ಮುಚ್ಚಿದ ಜಾಗವೇ ಜನ್ನತ್. ಪವಿತ್ರ ಕುರ್‌ಆನ್ ಸ್ವರ್ಗವನ್ನು ಬಣ್ಣಿಸುವಾಗ ಮತ್ತೆ ಮತ್ತೆ ಹರಿಯುವ ನದಿಗಳನ್ನು ಅದರ ಜೊತೆಗೇ ಹೇಳುತ್ತದೆ. ನೀರಿಲ್ಲದ ನೆರಳು ಅರಬರ ಕಲ್ಪನೆಯಲ್ಲಿರಲಿಲ್ಲ.

ಆದ್ದರಿಂದ ಈ ತೋಟದ ಕಥೆಯನ್ನು ನೀರಿನಿಂದಲೇ ಆರಂಭಿಸಬೇಕು. ನಸ್ರೀ ವಂಶದ ಸ್ಥಾಪಕ ಒಂದನೆಯ ಮುಹಮ್ಮದ್ 1238ರಲ್ಲಿ ಗ್ರಾನಡಾವನ್ನು ಪ್ರವೇಶಿಸಿದಾಗ ಸಬೀಕಾ ಗುಡ್ಡದ ಮೇಲೆ ಹಳೆಯ ಕೋಟೆಯೊಂದಿತ್ತು, ಆದರೆ ಅರಮನೆಗಳ ನಗರವೊಂದನ್ನು ಪೋಷಿಸುವಷ್ಟು ನೀರಿರಲಿಲ್ಲ. ದಾರ್ರೋ ನದಿ ಗುಡ್ಡದ ಬುಡದಲ್ಲಿ, ಬಹಳ ಕೆಳಗೆ ಹರಿಯುತ್ತದೆ. ಅಲ್ಲಿಂದ ನೀರನ್ನು ಮೇಲೆತ್ತುವ ಬದಲು ಅವರ ತಜ್ಞರು ನದಿಯ ಜಾಡು ಹಿಡಿದು ಮೇಲಕ್ಕೆ ನಡೆದರು. ಸುಮಾರು 6 ಕಿಲೋಮೀಟರ್ ದೂರದಲ್ಲಿ, ಗುಡ್ಡದ ನೆತ್ತಿಗೆ ಸಮನಾದ ಎತ್ತರದಲ್ಲಿ ಒಂದು ಒಡ್ಡು ಕಟ್ಟಿ, ನದಿಯ ಒಂದು ಪಾಲನ್ನು ಬೇರೆ ಮಾಡಿ, ಬೆಟ್ಟದ ಪಕ್ಕೆಯನ್ನು ಸವರಿಕೊಂಡು ಬರುವ ಕಾಲುವೆಯನ್ನು ತೋಡಿದರು. ಇದೇ ಸುಲ್ತಾನನ ಸಾಕಿಯ, ಇಂದಿನ ಆಸೆಕಿಯಾ ರಿಯಾಲ್. ಇಂತಹ ಕಾಲುವೆಯ ಇಳಿಜಾರು ತೀರ ಸೂಕ್ಷ್ಮವಾದುದು. ಇಳಿಜಾರು ಹೆಚ್ಚಾದರೆ ನೀರು ದಂಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಅದನ್ನು ಅಳೆಯಲು ಅವರ ಬಳಿ ಇದ್ದುದು ತೂಗುಗುಂಡಿನಂತಹ ಸರಳ ಉಪಕರಣಗಳು. ಏಳೂವರೆ ಶತಮಾನಗಳಿಗೂ ಹಿಂದಿನ ಆ ಜಾಡಿನ ಬಹುಭಾಗ ಇಂದಿಗೂ ಉಳಿದಿದೆ.

ಗಮನಿಸಬೇಕಾದ ಸಂಗತಿ ಇದು: ಆ ಕಾಲುವೆಯ ನೀರು ಮೊದಲು ತಲಪುವುದು ಅಲ್‌ಹಂಬ್ರಾಕ್ಕಲ್ಲ, ತೋಟಕ್ಕೆ. ತೋಟದ ಮುಖ್ಯ ಅಂಗಳದ ನಡುವೆಯೇ ಹಾದು, ಮುಂದೆ ಕಮಾನಿನ ಮೇಲ್ಗಾಲುವೆಯ ಮೂಲಕ ಕಂದರ ದಾಟಿ ಅರಮನೆಗಳಿಗೆ ಹೋಗುತ್ತದೆ. ಮುಂದೆ ತೋಟದ ಮೇಲ್ಭಾಗಕ್ಕೂ ನೀರುಣಿಸಲು ಇನ್ನೊಂದು ಕವಲು ತೆಗೆದರು, ಕೊಳಗಳನ್ನು ಕಟ್ಟಿದರು, ನೀರೆತ್ತುವ ಚಕ್ರವನ್ನು ಹೂಡಿದರು. ಎತ್ತರದಲ್ಲಿ ಕೊಳ ತುಂಬಿದರೆ ಕೆಳಗಿನ ಪಾತಿಗಳಿಗೆ ಬೇಕಾದಾಗ ಬೇಕಾದಷ್ಟು ಬಿಡಬಹುದು. ನಮ್ಮ ಕೆರೆ ಮತ್ತು ತೂಬಿನ ಲೆಕ್ಕವನ್ನು ಬಲ್ಲ ಯಾವ ರೈತನಿಗೂ ಇದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಎರಡನೆಯ ಮುಹಮ್ಮದನ ಕಾಲದಲ್ಲಿ, ಅಂದರೆ 13ನೆಯ ಶತಮಾನದ ಕೊನೆಯಲ್ಲಿ, ಈ ತೋಟ ಮತ್ತು ಅದರ ಪುಟ್ಟ ಅರಮನೆ ರೂಪುಗೊಂಡವು. 1319ರಲ್ಲಿ ಒಂದನೆಯ ಇಸ್ಮಾಯೀಲ್ ಅದನ್ನು ನವೀಕರಿಸಿದನೆಂದು ಉತ್ತರದ ಮಂಟಪದಲ್ಲಿ ಇಬ್ನುಲ್ ಜಯ್ಯಾಬ್ ಎಂಬ ಕವಿಯ ಪದ್ಯರೂಪದ ಶಾಸನವೇ ಹೇಳುತ್ತದೆ. ಕಾಲುವೆಯ ಅಂಗಳವೆಂದು ಕರೆಯಲಾಗುವ ಇಲ್ಲಿಯ ಮುಖ್ಯ ಭಾಗ ಉದ್ದವಾದುದು, ಕಿರಿದಾದುದು. ಸುಮಾರು 49 ಮೀಟರ್ ಉದ್ದ, 13 ಮೀಟರ್ ಅಗಲ. ಎರಡು ತುದಿಗಳಲ್ಲಿ ಮಂಟಪಗಳು, ನಡುವೆ ನೀರು, ಎರಡೂ ಬದಿ ಹೂವಿನ ಮಡಿಗಳು. ಪಶ್ಚಿಮದ ಕಡೆಗೆ ಇಂದು ಕಾಣುವ ಸಾಲುಗಮಾನುಗಳು ಆಗ ಇರಲಿಲ್ಲ. ಅಲ್ಲಿ ಎತ್ತರದ ಗೋಡೆಯಿತ್ತು, ಮಧ್ಯದ ಒಂದು ಚಿಕ್ಕ ವೀಕ್ಷಣಾ ಮಂಟಪದಿಂದ ಮಾತ್ರ ಹೊರಗಿನ ಲೋಕ ಕಾಣುತ್ತಿತ್ತು. ಗೋಡೆಯನ್ನು ತೆರೆದುದು ಕ್ರೈಸ್ತ ಒಡೆಯರ ಕಾಲದಲ್ಲಿ. ಮುಚ್ಚಿದ ಜಾಗವೇ ಜನ್ನತ್ ಎಂದೆವಲ್ಲ, ಆ ಮುಚ್ಚುಗೆಯೇ ಹೋದ ಮೇಲೆ ತೋಟದ ಸ್ವಭಾವವೂ ಬದಲಾಯಿತು.

1958ರಲ್ಲಿ ಇಲ್ಲಿ ಬೆಂಕಿ ಬಿದ್ದು ಕಟ್ಟಡದ ಒಂದು ಭಾಗ ಹಾಳಾಯಿತು. ಅದನ್ನು ದುರಸ್ತಿಗೊಳಿಸುವ ಮುನ್ನ ಹೆಸುಸ್ ಬೆರ್ಮುದೆಸ್ ಪಾರೆಹಾ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅಂಗಳವನ್ನು ಅಗೆದು ನೋಡಲಾಯಿತು. ನೂರಾರು ವರ್ಷಗಳಿಂದ ತುಂಬಿದ್ದ ಮಣ್ಣನ್ನು ತೆಗೆದಾಗ ಹಳೆಯ ನೆಲ ಸುಮಾರು ಅರ್ಧ ಮೀಟರ್ ಕೆಳಗೆ ಸಿಕ್ಕಿತು. ಕಾಲುವೆಯನ್ನು ಅಡ್ಡ ಹಾಯುವ ಕಾಲುದಾರಿಯೊಂದು ಕಂಡುಬಂದು, ಅಂಗಳ ಮೂಲತಃ ನಾಲ್ಕು ಮಡಿಗಳಾಗಿ ವಿಭಜಿತವಾಗಿತ್ತು ಎಂಬುದು ಸ್ಪಷ್ಟವಾಯಿತು. ಪರ್ಷಿಯಾದಿಂದ ಪೂರ್ವಕ್ಕೆ ಬಂದು ಮೊಗಲರ ಚಾರ್‌ಬಾಗ್ ಎನಿಸಿದ ಅದೇ ವಿನ್ಯಾಸ ಪಶ್ಚಿಮದ ಈ ತುದಿಯಲ್ಲೂ ಇತ್ತು. ಮಡಿಗಳು ನಡೆಯುವ ದಾರಿಗಿಂತ ತಗ್ಗಿನಲ್ಲಿದ್ದುದರಿಂದ ಹೂಗಳು ನಡೆಯುವವನ ಪಾದದ ಮಟ್ಟಕ್ಕೆ ಬಂದು, ಹಾಸಿದ ಜಮಖಾನೆಯಂತೆ ತೋರುತ್ತಿದ್ದವು. ನೀರು ಹಾಯಿಸುವುದೂ ಸುಲಭ, ತಂಪು ಉಳಿಯುವುದೂ ಸುಲಭ. ಅಂದಕ್ಕಾಗಿ ಬೇರೆ, ಉಪಯೋಗಕ್ಕಾಗಿ ಬೇರೆ ಎಂಬ ಭೇದವನ್ನು ಆ ತೋಟಗಾರರು ಬಲ್ಲವರಾಗಿರಲಿಲ್ಲ ಎನ್ನಬೇಕು.

ಹಾಗಾದರೆ ಎಲ್ಲ ಪ್ರವಾಸಿಗರೂ ಮೆಚ್ಚುವ, ಕಾಲುವೆಯ ಮೇಲೆ ಬಿಲ್ಲಿನಂತೆ ಬಾಗುವ ನೀರಿನ ಸಾಲುಗಳು? ಅವು ನಸ್ರೀ ಕಾಲದವಲ್ಲ, ಬಹಳ ತಡವಾಗಿ ಸೇರಿದವು. ಅಂದಲೂಸಿನ ಮುಸ್ಲಿಮನು ನೀರನ್ನು ಹಾರಿಸುವುದಕ್ಕಿಂತ ಸದ್ದಡಗಿಸಿ ಹರಿಸುವುದನ್ನೂ, ಕನ್ನಡಿಯಂತೆ ನಿಲ್ಲಿಸುವುದನ್ನೂ ಹೆಚ್ಚು ಇಷ್ಟಪಟ್ಟಿದ್ದನು. ಅವನ ನಿಜವಾದ ಕೈಚಳಕವನ್ನು ಕಾಣಬೇಕಾದರೆ ತೋಟದ ಮೇಲ್ಭಾಗದಲ್ಲಿರುವ ನೀರಿನ ಮೆಟ್ಟಿಲುಗಳಿಗೆ ಹೋಗಬೇಕು. ಮೂರು ತಂಗುಕಟ್ಟೆಗಳುಳ್ಳ ಮೆಟ್ಟಿಲು ಸಾಲಿನ ಎರಡೂ ಕಡೆ ಕೈಹಿಡಿಯುವ ಗೋಡೆಯ ಮೇಲೆಯೇ ತೋಡಿದ ದೋಣಿಗಳಲ್ಲಿ ನೀರು ಓಡುತ್ತದೆ. ಹತ್ತುವವನು ಕೈಯಿಟ್ಟರೆ ಬೆರಳುಗಳ ನಡುವೆ ತಣ್ಣನೆಯ ನೀರು ಹಾಯುತ್ತದೆ. ಮೇಲೆ ಲಾರೆಲ್ ಮರಗಳ ಚಪ್ಪರ. ಮೆಟ್ಟಿಲುಗಳ ತುದಿಯಲ್ಲಿ ಒಂದು ಪುಟ್ಟ ನಮಾಝಿನ ಕೋಣೆಯಿತ್ತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಹಾಗಿದ್ದಲ್ಲಿ ಈ ನೀರು ವುಝೂವಿಗೂ ಒದಗುತ್ತಿದ್ದಿರಬೇಕು. ಇಂದು ಆ ಜಾಗದಲ್ಲಿರುವುದು 1836ರಲ್ಲಿ ಕಟ್ಟಿದ ಒಂದು ವೀಕ್ಷಣಾ ಗೋಪುರ.

ಗಿಡಮರಗಳ ವಿಚಾರಕ್ಕೆ ಬರೋಣ. ಈ ತೋಟದ ಹಳೆಯ ಹಕ್ಕುದಾರರಲ್ಲಿ ಮೊದಲನೆಯದು ಮಿರ್ಟಲ್. ಎಲೆಯನ್ನು ಉಜ್ಜಿದರೆ ಪರಿಮಳ ಬೀರುವ, ವರ್ಷವಿಡೀ ಹಸುರಾಗಿರುವ, ಬಿಳಿ ಹೂ ಬಿಡುವ ಪೊದೆ. ಅರಬಿಯಲ್ಲಿ ಅದಕ್ಕೆ ಆಸ್ ಎಂಬ ಹೆಸರಿದ್ದರೂ ಅಂದಲೂಸಿನ ಜನ ರೈಹಾನ್ ಎನ್ನುತ್ತಿದ್ದರು. ಸೂರಾ ಅರ್‍ರಹ್ಮಾನ್‌ನಲ್ಲಿ ಸುಗಂಧ ಸಸ್ಯಗಳಿಗೆ ಬಳಕೆಯಾಗಿರುವ ಪದವೇ ಇದು. ಸ್ಪೇನಿನ ಭಾಷೆ ಇಂದಿಗೂ ಆ ಪೊದೆಯನ್ನು ಅರ್ರಯಾನ್ ಎಂದೇ ಕರೆಯುತ್ತದೆ. ಮೂರಿಸ್ಕೊ ಮಿರ್ಟಲ್ ಎಂದು ಹೆಸರಾದ ದೊಡ್ಡ ಎಲೆಯ ಹಳೆಯ ತಳಿಯೊಂದನ್ನು ಸಸ್ಯಶಾಸ್ತ್ರಜ್ಞರು ಇತ್ತೀಚಿನ ದಶಕಗಳಲ್ಲಿ ಗುರುತಿಸಿ ಮತ್ತೆ ಬೆಳೆಸಲು ತೊಡಗಿದ್ದಾರೆ. ಅದರ ನಂತರ ಸೈಪ್ರಸ್, ದಾಳಿಂಬೆ, ಅಂಜೂರ, ಬಾದಾಮಿ, ದ್ರಾಕ್ಷಿ, ಗುಲಾಬಿ, ಮಲ್ಲಿಗೆ. ಒಂದು ಅಂಗಳದಲ್ಲಿ ಒಣಗಿ ನಿಂತ ಸೈಪ್ರಸ್ ಮರದ ಬೊಡ್ಡೆಯೊಂದನ್ನು ತೋರಿಸಿ, ರಾಣಿಯೊಬ್ಬಳ ಗುಪ್ತ ಪ್ರೇಮದ ಕಥೆಯನ್ನು ಮಾರ್ಗದರ್ಶಕರು ಹೇಳುವುದುಂಟು. ಅದು 16ನೆಯ ಶತಮಾನದ ಅಂತ್ಯದಲ್ಲಿ ಸ್ಪೇನಿನ ಕಾದಂಬರಿಕಾರನೊಬ್ಬನು ಬರೆದ ಕಥೆಯಿಂದ ಬೆಳೆದುದು. ಅಂತಹುದಕ್ಕೆ ಕಿವಿಗೊಡದೆ ಮರವನ್ನಷ್ಟೇ ನೋಡಿ ಮುಂದೆ ಹೋಗಬಹುದು.

ದಾಳಿಂಬೆಯ ಕಥೆ ಮಾತ್ರ ಕೇಳಬೇಕಾದುದು. ದಮಾಸ್ಕಸ್ಸಿನ ಉಮವೀ ರಾಜಮನೆತನ ನಾಶವಾದಾಗ ಪಾರಾಗಿ 755ರಲ್ಲಿ ಅಂದಲೂಸ್ ತಲಪಿದ ಒಂದನೆಯ ಅಬ್ದುರ್ರಹ್ಮಾನ್, ಕುರ್ತುಬಾದ ಹೊರಗೆ ರುಸಾಫಾ ಎಂಬ ತೋಟವನ್ನು ನಿರ್ಮಿಸಿದನು. ಅದು ಸಿರಿಯದಲ್ಲಿ ಅವನ ಅಜ್ಜ ಹಿಶಾಮನಿಗೆ ಪ್ರಿಯವಾಗಿದ್ದ ರುಸಾಫಾದ ಹೆಸರು. ಅಲ್ಲಿ ನೆಟ್ಟ ಒಂಟಿ ಖರ್ಜೂರದ ಮರವನ್ನು ಕಂಡು, ನೀನೂ ನನ್ನಂತೆ ಪರದೇಶಿ ಎಂಬ ಭಾವದ ಪದ್ಯವನ್ನು ಅವನು ರಚಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಸಿರಿಯದಿಂದ ಬಂದ ದಾಳಿಂಬೆಯ ಬೀಜಗಳನ್ನು ಸಫರ್ ಎಂಬ ವ್ಯಕ್ತಿ ಮಾಲಗಾ ಪ್ರಾಂತ್ಯದ ತನ್ನ ಹೊಲದಲ್ಲಿ ಬಿತ್ತಿ, ಬೆಳೆಸಿ, ಹಣ್ಣನ್ನು ಅಮೀರನಿಗೆ ತಂದೊಪ್ಪಿಸಿದನು. ಆ ತಳಿಗೆ ಅಮೀರನ ಹೆಸರು ಬೀಳಲಿಲ್ಲ, ಬೆಳೆದವನ ಹೆಸರೇ ಬಿದ್ದು ಸಫರೀ ದಾಳಿಂಬೆಯಾಯಿತು. ಸ್ಪೇನಿನಲ್ಲಿ ಆ ಹೆಸರು ಮುಂದೆಯೂ ಬಳಕೆಯಲ್ಲಿ ಉಳಿಯಿತು.

ಹುಳಿ ಕಿತ್ತಳೆ ನಮ್ಮ ಕಡೆಯಿಂದಲೇ ಹೊರಟ ಪ್ರಯಾಣಿಕ. ಸಂಸ್ಕೃತದ ನಾರಂಗ ಪಾರಸಿಯಲ್ಲಿ ನಾರಂಗ್ ಆಗಿ, ಅರಬಿಯಲ್ಲಿ ನಾರಂಜ್ ಆಗಿ, ಸ್ಪೇನಿನಲ್ಲಿ ನರಾಂಹ ಆಯಿತು. ನಾವು ಇಂದು ಸುಲಿದು ತಿನ್ನುವ ಸಿಹಿ ಕಿತ್ತಳೆ ಯೂರೋಪಿನಲ್ಲಿ ಹರಡಿದುದು ಬಹಳ ತಡವಾಗಿ. ನಸ್ರೀ ಅಂಗಳಗಳಲ್ಲಿದ್ದುದು ಹುಳಿಯದೇ, ಅದರ ಹೂವಿನ ಪರಿಮಳಕ್ಕಾಗಿ. ಆ ಹೂವಿಗೆ ಸ್ಪೇನಿನಲ್ಲಿ ಇಂದಿಗೂ ಅಸಹಾರ್ ಎನ್ನುತ್ತಾರೆ, ಅರಬಿಯ ಝಹ್ರ್, ಅಂದರೆ ಹೂವು. ಬದನೆ, ನಿಂಬೆ, ಕಬ್ಬು, ಹತ್ತಿ, ಭತ್ತ, ಪಾಲಕ್ ಇವೆಲ್ಲವುಗಳ ಸ್ಪೇನ್ ಹೆಸರುಗಳೂ ಅರಬಿಯ ಮೂಲಕ ಬಂದವು. ಅರಬರು ತಂದುದು ಬೀಜವನ್ನು ಮಾತ್ರವಲ್ಲ. ಮಳೆಗಾಲದ ನಾಡಿನ ಬೆಳೆಯನ್ನು ಬೇಸಿಗೆಯಲ್ಲಿ ಮಳೆಯೇ ಬಾರದ ನಾಡಿನಲ್ಲಿ ಬದುಕಿಸಲು ನೀರಾವರಿಯ ಇಡೀ ವ್ಯವಸ್ಥೆಯೇ ಬೇಕಿತ್ತು. ಕಾಲುವೆಗೆ ಆಸೆಕಿಯಾ, ಕೊಳಕ್ಕೆ ಆಲ್ಬೆರ್ಕಾ, ನೀರಿನ ಚಕ್ರಕ್ಕೆ ನೋರಿಯಾ ಎಂಬ ಸ್ಪೇನ್ ಪದಗಳು ಸಾಕಿಯ, ಬಿರ್ಕಾ, ನಾಊರಾ ಎಂಬ ಅರಬಿ ಪದಗಳೇ. ಭಾಷೆಯನ್ನು ನಿಷೇಧಿಸಿದವರ ಬಾಯಲ್ಲಿಯೇ ಆ ಭಾಷೆ ಹೀಗೆ ಉಳಿದುಕೊಂಡಿತು.

ಇನ್ನು ಇಂದಿನ ತೋಟದಲ್ಲಿ ಕಣ್ಣು ಸೆಳೆಯುವ ಹಲವು ಸಸ್ಯಗಳು ನಸ್ರೀ ಅರಸರು ಕನಸಿನಲ್ಲೂ ಕಂಡವಲ್ಲ. ಗೋಡೆಯ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ ದಕ್ಷಿಣ ಅಮೆರಿಕದ್ದು. ಹೊಳೆಯುವ ದೊಡ್ಡ ಎಲೆಯ ಮ್ಯಾಗ್ನೋಲಿಯಾ ಉತ್ತರ ಅಮೆರಿಕದ್ದು, ಡೇಲಿಯಾ ಮೆಕ್ಸಿಕೋದ್ದು, ನೇರಳೆ ಗೊಂಚಲುಗಳ ವಿಸ್ಟೀರಿಯಾ ಚೀನಾದ್ದು. ಕತ್ತರಿಸಿದ ಸೈಪ್ರಸ್ ಗೋಡೆಗಳುಳ್ಳ ಹೊಸ ತೋಟಗಳನ್ನು ರೂಪಿಸುವ ಕೆಲಸ 1931ರಲ್ಲಿ ಆರಂಭವಾಗಿ 1951ರಲ್ಲಿ ಮುಗಿಯಿತು. ಅವು ಸುಂದರವಾಗಿಲ್ಲವೆಂದಲ್ಲ. ಆದರೆ ಇಡೀ ತೋಟವನ್ನೇ ನಮ್ಮ ಪೂರ್ವಜರ ಕೈಕೆಲಸವೆಂದು ಮಕ್ಕಳಿಗೆ ತೋರಿಸುವುದು ಸತ್ಯಕ್ಕೆ ದೂರ. ನಮ್ಮದಲ್ಲದುದನ್ನು ನಮ್ಮದೆಂದು ಹೊಗಳಿಕೊಂಡರೆ ನಮ್ಮದಾಗಿದ್ದುದರ ಮೌಲ್ಯ ಹೆಚ್ಚುವುದಿಲ್ಲ.

ನಿಜವಾಗಿ ಹೆಮ್ಮೆಪಡಬೇಕಾದವರ ಹೆಸರುಗಳು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅರಸರ ಹೆಸರುಗಳನ್ನು ಬಲ್ಲ ನಾವು ಇಬ್ನ್ ಬಸ್ಸಾಲ್‌ನನ್ನು ಅರಿಯೆವು. 11ನೆಯ ಶತಮಾನದಲ್ಲಿ ತುಲೈತುಲಾದ, ಅಂದರೆ ತೊಲೆದೊ ನಗರದ ಅರಸ ಮಅ್‌ಮೂನನ ತೋಟದಲ್ಲಿದ್ದ ಇವರು ಪೂರ್ವದ ನಾಡುಗಳಿಗೆ ಪ್ರಯಾಣಿಸಿ ಬಂದವರು. ತಮ್ಮ ಕೃಷಿಗ್ರಂಥದಲ್ಲಿ ಮಣ್ಣನ್ನು ಹತ್ತು ಬಗೆಗಳಾಗಿ ವಿಂಗಡಿಸಿ, ಯಾವ ಮಣ್ಣಿಗೆ ಯಾವ ಗೊಬ್ಬರ, ಯಾವ ಋತುವಿನಲ್ಲಿ ಉಳುಮೆ ಎಂದು ವಿವರಿಸಿದರು. ಹಳೆಯ ಗ್ರಂಥಗಳ ಉಲ್ಲೇಖಗಳನ್ನು ಪೇರಿಸದೆ ಸ್ವಂತ ಅನುಭವವನ್ನೇ ಬರೆದುದು ಅವರ ವೈಶಿಷ್ಟ್ಯ. 1085ರಲ್ಲಿ ತೊಲೆದೊ ಆರನೆಯ ಅಲ್ಫೋನ್ಸೊನ ವಶವಾದಾಗ ಅವರು ಇಶ್ಬೀಲಿಯಾಕ್ಕೆ, ಇಂದಿನ ಸೆವಿಯಾ ನಗರಕ್ಕೆ ಹೋಗಿ ಅಲ್ಲಿಯೂ ತೋಟವನ್ನು ಬೆಳೆಸಿದರು. ಗ್ರಾನಡಾದ ಸಮೀಪದ ಹಳ್ಳಿಯೊಂದರಿಂದ ಬಂದ ತಿಗ್ನರೀ, 12ನೆಯ ಶತಮಾನದ ಕೊನೆಯಲ್ಲಿ ಸೆವಿಯಾದಲ್ಲಿದ್ದ ಇಬ್ನುಲ್ ಅವ್ವಾಮ್ ಇದೇ ಪರಂಪರೆಯವರು. ಇಬ್ನುಲ್ ಅವ್ವಾಮ್‌ರ ಕಿತಾಬುಲ್ ಫಿಲಾಹಾ 585 ಸಸ್ಯಗಳನ್ನು ಚರ್ಚಿಸುತ್ತದೆ. ಕಸಿ ಕಟ್ಟುವ ವಿಧಾನಗಳು, ಮರಗಳ ರೋಗಗಳು, ಪಶುಪಾಲನೆ, ಜೇನು ಸಾಕಣೆ ಎಲ್ಲವೂ ಅದರಲ್ಲಿವೆ. ಮಾಲಗಾದ ಇಬ್ನುಲ್ ಬೈತಾರ್ ಔಷಧ ಸಸ್ಯಗಳನ್ನು ಹುಡುಕಿಕೊಂಡು ಮೆಡಿಟರೇನಿಯನ್ ಸಮುದ್ರದ ದಕ್ಷಿಣ ದಂಡೆಯನ್ನೆಲ್ಲ ದಾಟಿ 1248ರಲ್ಲಿ ದಮಾಸ್ಕಸ್ಸಿನಲ್ಲಿ ನಿಧನರಾದರು.

ನಮ್ಮ ತೋಟಕ್ಕೆ ಎಲ್ಲರಿಗಿಂತ ಹತ್ತಿರದವರು ಅಲ್‌ಮೆರಿಯಾದ ಇಬ್ನ್ ಲುಯೂನ್. ಅವರ ಕೃಷಿ ಗ್ರಂಥ ಪದ್ಯರೂಪದಲ್ಲಿದೆ, ಬಾಯಿಪಾಠಕ್ಕೆ ಅನುಕೂಲವಾಗಲೆಂದು. 1348ರ ಅದರ ಹಸ್ತಪ್ರತಿ ಗ್ರಾನಡಾದ ಅರಬಿ ಅಧ್ಯಯನ ಸಂಸ್ಥೆಯಲ್ಲಿ ಇಂದಿಗೂ ಇದೆ. ಮನೆಯನ್ನು ಎತ್ತರದಲ್ಲಿ ಕಟ್ಟಬೇಕು, ಬಾವಿಯೋ ಕೊಳವೋ ಬಳಿಯಲ್ಲೇ ಇರಬೇಕು, ನೀರಿನ ಪಕ್ಕ ಸದಾ ಹಸುರಾಗಿರುವ ಗಿಡಗಳನ್ನು ನೆಡಬೇಕು, ಆಚೆಗೆ ಹೂವುಗಳು, ಅಂಚಿನಲ್ಲಿ ದ್ರಾಕ್ಷಿ, ನಡುವೆ ಮಂಟಪ, ತೋಟದ ಅಗಲಕ್ಕಿಂತ ಉದ್ದ ಹೆಚ್ಚಿರಬೇಕು ಎಂಬುದು ಅವರ ಉಪದೇಶದ ಸಾರ. ಇದನ್ನು ಓದಿ ಕಾಲುವೆಯ ಅಂಗಳಕ್ಕೆ ಕಾಲಿಟ್ಟವರಿಗೆ ಗ್ರಂಥದ ಮಾತುಗಳೇ ನೆಲದ ಮೇಲೆ ಹಾಸಿದಂತೆ ತೋರುತ್ತವೆ.

1492ರ ಜನವರಿ 2ರಂದು ಗ್ರಾನಡಾದ ಕೀಲಿಕೈಗಳು ಫರ್ಡಿನಾಂಡ್ ಮತ್ತು ಇಸಬೆಲ್ಲಾರ ಕೈಸೇರಿದವು. ಕೊನೆಯ ಅರಸ ಅಬೂ ಅಬ್ದುಲ್ಲಾ ಬೆಟ್ಟದ ದಾರಿಯಲ್ಲಿ ತಿರುಗಿ ನೋಡಿ ಅತ್ತನೆಂದೂ ತಾಯಿ ಅವನನ್ನು ಮೂದಲಿಸಿದಳೆಂದೂ ನಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಅದು ದಶಕಗಳ ನಂತರ ಸ್ಪೇನಿನ ಧರ್ಮಗುರುವೊಬ್ಬನು ಬರೆದ ಕಥೆ. ನಿಜವಾಗಿ ಅಳಬೇಕಾದುದು ಆ ಬಳಿಕ ನಡೆದುದಕ್ಕೆ. ಮುಸ್ಲಿಮರ ಧರ್ಮ, ಮಸೀದಿ, ಆಸ್ತಿಗಳಿಗೆ ರಕ್ಷಣೆ ನೀಡುವುದಾಗಿ ಮಾಡಿಕೊಂಡ ಒಪ್ಪಂದ ಹತ್ತು ವರ್ಷವೂ ಬಾಳಲಿಲ್ಲ. ಕಾರ್ಡಿನಲ್ ಸಿಸ್ನೆರೋಸ್ ಬಲವಂತದ ಮತಾಂತರಕ್ಕೆ ಕೈಹಾಕಿದನು, ಅರಬಿ ಗ್ರಂಥಗಳನ್ನು ಬಿಬ್‌ರಂಬ್ಲಾ ಚೌಕದಲ್ಲಿ ಸುಡಿಸಿದನು. ವೈದ್ಯ ಗ್ರಂಥಗಳನ್ನು ಮಾತ್ರ ಬದಿಗಿಟ್ಟು ತನ್ನ ವಿದ್ಯಾಪೀಠಕ್ಕೆ ಕಳುಹಿಸಿದನು. ಜ್ಞಾನ ಬೇಕು, ಜ್ಞಾನಿಯ ಭಾಷೆ ಬೇಡ. 1526ರಲ್ಲಿ ಇಲ್ಲಿಗೆ ಬಂದ ವೆನಿಸ್‌ನ ರಾಯಭಾರಿ ಆಂದ್ರಿಯಾ ನವಾಜೆರೋ ನೀರಿನ ಮೆಟ್ಟಿಲುಗಳನ್ನು ಮನಸೋತು ಬಣ್ಣಿಸಿದ್ದಾನೆ. ಮುಸ್ಲಿಮರು ಹೊರಟುಹೋದ ಬಳಿಕ ಸುತ್ತಲಿನ ಮನೆ ತೋಟಗಳು ಪಾಳುಬೀಳುತ್ತಿರುವುದನ್ನೂ ಅವನೇ ಬರೆದಿದ್ದಾನೆ. ಆ ಮಾತು ಮುಸ್ಲಿಮನದಲ್ಲ ಎಂಬುದರಿಂದಲೇ ಅದಕ್ಕೆ ತೂಕ ಹೆಚ್ಚು.

1567ರಲ್ಲಿ ಅರಬಿ ಭಾಷೆ ಮತ್ತು ಉಡುಪುಗಳನ್ನು ನಿಷೇಧಿಸಲಾಯಿತು. ಮರುವರ್ಷ ಎದ್ದ ಬಂಡಾಯವನ್ನು ಅಡಗಿಸಿದ ಮೇಲೆ, ಹೆಸರಿಗೆ ಕ್ರೈಸ್ತರಾಗಿದ್ದ ಸುಮಾರು 80 ಸಾವಿರ ಮೂರಿಸ್ಕೊಗಳನ್ನು ಗ್ರಾನಡಾ ಪ್ರಾಂತ್ಯದಿಂದ ಎತ್ತಿ ಸ್ಪೇನಿನ ಒಳನಾಡಿಗೆ ಚದುರಿಸಲಾಯಿತು. 1609ರಿಂದ 1614ರ ವರೆಗೆ ಇಡೀ ಸ್ಪೇನಿನಿಂದ ಸುಮಾರು 3 ಲಕ್ಷ ಮಂದಿಯನ್ನು ಹಡಗು ಹತ್ತಿಸಲಾಯಿತು. ವಲೆನ್ಸಿಯಾ ಪ್ರಾಂತ್ಯಕ್ಕೆ 1609ರ ಸೆಪ್ಟೆಂಬರ್ 22ರಂದು ಹೊರಡಿಸಿದ ಗಡೀಪಾರಿನ ಆಜ್ಞೆಯಲ್ಲಿ ಒಂದು ಕಲಮು ಇದೆ. ಮನೆಗಳನ್ನೂ ಸಕ್ಕರೆಯ ಗಾಣಗಳನ್ನೂ ಭತ್ತದ ಬೆಳೆಯನ್ನೂ ನೀರಾವರಿ ಕಾಲುವೆಗಳನ್ನೂ ಕಾಪಾಡಿಕೊಂಡು, ಹೊಸದಾಗಿ ಬರುವವರಿಗೆ ಕಲಿಸಿಕೊಡಲು ನೂರು ಕುಟುಂಬಗಳಿಗೆ ಆರರಂತೆ ಉಳಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಒಂದು ಸಮುದಾಯದ ಧರ್ಮ ಸಹ್ಯವಲ್ಲ, ಅವರ ಇರುವಿಕೆ ಸಹ್ಯವಲ್ಲ, ಆದರೆ ಅವರು ತೋಡಿದ ಕಾಲುವೆಯನ್ನು ನಡೆಸಲು ಮತ್ತೆ ಅವರೇ ಬೇಕು. ಅಂದಲೂಸಿನ ಕೃಷಿ ಎಷ್ಟು ಆಳವಾಗಿತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ಯಾವ ಮಿತ್ರನೂ ಬರೆದುಕೊಡಲಾರ.

ಹೋದವರ ನ್ಯಾಯದ ನೆನಪೂ ವಲೆನ್ಸಿಯಾದಲ್ಲಿ ಉಳಿದಿದೆ. ಅಲ್ಲಿಯ ದೊಡ್ಡ ಚರ್ಚಿನ ಬಾಗಿಲಿನಲ್ಲಿ ಪ್ರತಿ ಗುರುವಾರ ನಡುಹಗಲು ನೀರಿನ ನ್ಯಾಯಮಂಡಳಿ ಸೇರುತ್ತದೆ. ಕಾಲುವೆಗಳ ರೈತರೇ ಆರಿಸಿದ ನ್ಯಾಯಾಧೀಶರು ಮೌಖಿಕವಾಗಿ ವಿಚಾರಿಸಿ ತೀರ್ಪು ಕೊಡುತ್ತಾರೆ. ಇದರ ಬೇರುಗಳು ಅಂದಲೂಸಿನ ಕಾಲಕ್ಕೆ ಹೋಗುತ್ತವೆಂಬುದು ಪ್ರಚಲಿತ ನಂಬಿಕೆ, 2009ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ನೀರಿನ ವ್ಯಾಜ್ಯವನ್ನು ಪ್ರವಾದಿ ಮುಹಮ್ಮದ್(ಸ)ರೇ ಮದೀನದಲ್ಲಿ ತೀರಿಸಿದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮೇಲಿನ ಹೊಲದ ಝುಬೈರ್(ರ)ರಿಗೂ ಕೆಳಗಿನ ಅನ್ಸಾರಿಗೂ ಕಾಲುವೆಯ ಕುರಿತು ಜಗಳವಾದಾಗ, ನೀವು ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಟ್ಟುಬಿಡಿ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಹೇಳಿದರು. ಮೇಲಿನವನಿಗೆ ಮೊದಲ ಪಾಳಿ ಉಂಟು, ತಡೆದಿಟ್ಟುಕೊಳ್ಳುವ ಹಕ್ಕಿಲ್ಲ. ಕರ್ಮಶಾಸ್ತ್ರದ ಪಂಡಿತರು ನೀರಿನ ಹಂಚಿಕೆಯ ನಿಯಮಗಳನ್ನು ಬೆಳೆಸಿದುದು ಇಂತಹ ಹದೀಸ್‌ಗಳ ಆಧಾರದ ಮೇಲೆಯೇ.

ಇತ್ತ ಜನ್ನತುಲ್ ಆರಿಫ್ ಮತಾಂತರಗೊಂಡ ನಸ್ರೀ ವಂಶಜರ ಗ್ರಾನಡಾ ವೆನೆಗಾಸ್ ಮನೆತನದ ಕೈಗೆ ಬಂದು, ಅವರ ವಾರಸುದಾರರಿಗೂ ಸರ್ಕಾರಕ್ಕೂ ನಡುವೆ 19ನೆಯ ಶತಮಾನದಲ್ಲಿ ಹೂಡಿದ ದಾವೆ ಮುಗಿದು 1921ರಲ್ಲಿ ದೇಶದ ಸ್ವತ್ತಾಯಿತು. 1923ರಲ್ಲಿ ಅಲ್‌ಹಂಬ್ರಾದ ಶಿಲ್ಪಿಯಾಗಿ ಬಂದ ಲಿಯೊಪೋಲ್ಡೊ ತೊರ್ರೆಸ್ ಬಾಲ್ಬಾಸ್ ಉಳಿದುದನ್ನು ಉಳಿದಂತೆಯೇ ಕಾಪಾಡಬೇಕು, ಹೊಸದಾಗಿ ಸೇರಿಸಿದುದು ಹೊಸದೆಂದು ತಿಳಿಯುವಂತಿರಬೇಕು ಎಂಬ ನಿಲುವಿನವರು. ಹಳೆಯದರ ಸೋಗು ಹಾಕಿದ ಸುಳ್ಳನ್ನು ಅವರು ಒಪ್ಪುತ್ತಿರಲಿಲ್ಲ. 1936ರ ಅಂತರ್ಯುದ್ಧದಲ್ಲಿ ಅವರನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. 1984ರಲ್ಲಿ ಅರಮನೆಯೂ ತೋಟವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಎಷ್ಟೋ ಹಿಂದೆ, 1802ರಲ್ಲಿ, ಬಂಕೇರಿ ಎಂಬ ಪಾದ್ರಿಯೊಬ್ಬರು ಇಬ್ನುಲ್ ಅವ್ವಾಮ್‌ರ ಗ್ರಂಥವನ್ನು ಅರಬಿಯೊಂದಿಗೆ ಸ್ಪೇನ್ ಭಾಷೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ್ದರು. ದೇಶದ ಬೇಸಾಯವನ್ನು ಸುಧಾರಿಸಬೇಕೆಂಬುದು ಆ ಕಾಲದ ಸುಧಾರಕರ ಹಂಬಲವಾಗಿತ್ತು. ಕೊನೆಯ ಮೂರಿಸ್ಕೊನನ್ನು ಹಡಗು ಹತ್ತಿಸಿ ಇನ್ನೂರು ವರ್ಷವಾಗುವ ಮೊದಲೇ ಮಣ್ಣು, ನೀರು, ಗೊಬ್ಬರಗಳ ಪಾಠಕ್ಕೆ ಮತ್ತೆ ಅವನ ಪೂರ್ವಜನ ಪುಸ್ತಕವನ್ನೇ ಬಿಚ್ಚಬೇಕಾಯಿತು.

ಅವರನ್ನು ದೂರುವುದು ಸುಲಭ. ಆದರೆ ತೋಟ ಬೇಕು, ತೋಟಗಾರ ಬೇಡ ಎಂಬ ರೋಗ ನಮ್ಮಲ್ಲಿಯೂ ಇಲ್ಲವೇ? ಅಲ್‌ಹಂಬ್ರಾದ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕುವ ನಾವು, ಮಗನು ಕೃಷಿ ವಿಜ್ಞಾನ ಓದುತ್ತೇನೆಂದರೆ ಮುಖ ಸಣ್ಣದು ಮಾಡುತ್ತೇವೆ. ಸೂರಾ ಅಲ್‌ಕಹ್ಫ್‌ನಲ್ಲಿ ಇಬ್ಬರು ವ್ಯಕ್ತಿಗಳ ದೃಷ್ಟಾಂತವಿದೆ. ಒಬ್ಬನಿಗೆ ಎರಡು ದ್ರಾಕ್ಷಿ ತೋಟಗಳು, ಸುತ್ತ ಖರ್ಜೂರದ ಮರಗಳು, ನಡುವೆ ಹರಿಯುವ ಕಾಲುವೆ. ಇದು ಎಂದಿಗೂ ನಾಶವಾಗದು ಎಂದು ಅವನು ಜಂಬಪಟ್ಟನು. ಅದರ ನೀರು ನಿನ್ನ ಕೈಗೆಟುಕದಷ್ಟು ಆಳಕ್ಕೆ ಇಂಗಿಹೋಗಬಹುದೆಂದು ಜೊತೆಗಾರನು ಎಚ್ಚರಿಸಿದನು. ಕೊನೆಗೆ ಚಪ್ಪರಗಳು ಕುಸಿದುಬಿದ್ದಾಗ ತಾನು ಖರ್ಚು ಮಾಡಿದುದಕ್ಕಾಗಿ ಆ ಒಡೆಯ ಕೈ ಹಿಸುಕಿಕೊಂಡನು. ನಸ್ರೀ ಅರಸರ ಕೊನೆಯ ದಶಕಗಳ ಒಳಜಗಳಗಳನ್ನು ಓದಿದವರಿಗೆ ಈ ದೃಷ್ಟಾಂತ ನೆನಪಾಗದೆ ಇರದು. ಅದರ ಪಕ್ಕದಲ್ಲಿಯೇ ಇಡಬೇಕಾದುದು ಗಿಡ ನೆಡುವವನ ಕುರಿತ ಹದೀಸ್. ಮುಸ್ಲಿಮನೊಬ್ಬನು ನೆಟ್ಟುದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನಿಗೆ ದಾನವಾಗಿ ಬರೆಯಲ್ಪಡುತ್ತದೆ. ತಿನ್ನುವವನ ಧರ್ಮ ಯಾವುದೆಂದು ಆ ಹದೀಸ್ ಕೇಳುವುದಿಲ್ಲ.

ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಅಲ್‌ಹಂಬ್ರಾ ಆವರಣಕ್ಕೆ ಬರುತ್ತಾರೆ. ಮುಂದೆ ಹೋಗುವ ನಮ್ಮ ಕುಟುಂಬಗಳು ತೋಟಕ್ಕೆ ಬೆಳಗಿನ ಹೊತ್ತನ್ನೇ ಮೀಸಲಿಡುವುದು ಒಳಿತು, ಕಿತ್ತಳೆ ಹೂ ಬಿಡುವ ವಸಂತವಾದರೆ ಇನ್ನೂ ಒಳಿತು. ಎದುರಿನ ಅಲ್‌ಬೈಸೀನ್ ಗುಡ್ಡದಲ್ಲಿ 2003ರಲ್ಲಿ ತೆರೆದ ಹೊಸ ಮಸೀದಿಯಿದೆ. ಝುಹರ್ ನಮಾಝಿಗೆ ಅಲ್ಲಿಗೆ ತಲಪಿದರೆ ಅದರ ಅಂಗಳದ ಗಿಡಗಳ ನಡುವಿನಿಂದ ಅಲ್‌ಹಂಬ್ರಾ ಇಡಿಯಾಗಿ ಕಾಣುತ್ತದೆ. ತೋಟದೊಳಗೆ ಕಾಲುವೆಯ ಅಂಗಳಕ್ಕೆ ಧಾವಿಸುವ ಮುನ್ನ ದಾರಿಯ ಕೆಳಗಿನ ಇಳಿಜಾರನ್ನು ನೋಡಬೇಕು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನಾಲ್ಕು ತರಕಾರಿ ತೋಟಗಳಿವೆ. ಅರಮನೆಗಿಂತ ಮೊದಲು ಈ ತೋಟದ ಉದ್ದೇಶವಾಗಿದ್ದುದೇ ಅದು, ಊಟಕ್ಕೆ ಬೆಳೆಯುವುದು. ಆ ಪಾತಿಗಳಲ್ಲಿ ಇಂದಿಗೂ ತರಕಾರಿ ಬೆಳೆಯುತ್ತಾರೆ, ಮೇಲಿನಿಂದ ಇಳಿದು ಬರುವ ಅದೇ ಕಾಲುವೆಯ ನೀರನ್ನು ಹಾಯಿಸಿ.